ಭಾಷಾ ಶಿಕ್ಷಕರ ಬಳಗದಲ್ಲಿ ಯಾರಿರಬೇಕು?

ಬೋಧನಾಭ್ಯಾಸಕ್ಕೆ ಶಾಲೆಗಳ ಹಂಚಿಕೆಯಾದ ದಿನವೇ ನಮ್ಮಲ್ಲಿ ವಾಟ್ಸ್ಆ್ಯಪ್ ಗುಂಪುಗಳು ಹುಟ್ಟುತ್ತವೆ. ಕನ್ನಡ ಬೋಧನಾ ವಿಷಯದವರಿಗೊಂದು, ಇಂಗ್ಲಿಷಿನವರಿಗೊಂದು, ವಿಜ್ಞಾನದವರಿಗೊಂದು. ಹಿಂದಿನ ವರ್ಷದ ಪಾಠಯೋಜನೆಗಳ ಪಿಡಿಎಫ್, ಸುತ್ತೋಲೆ, ಹಬ್ಬದ ಶುಭಾಶಯ ಎಲ್ಲವೂ ಅಲ್ಲಿ ಹರಿದಾಡುತ್ತವೆ. ಇದನ್ನೇ ವರದಿಯಲ್ಲಿ 'ವೈಯಕ್ತಿಕ ಕಲಿಕಾ ಜಾಲ' ಎಂದು ಬರೆಯುತ್ತೇವೆ. ನನಗೆ ಅದು ಗೋದಾಮಿನಂತೆ ಕಾಣುತ್ತದೆ. ತರಗತಿಯಲ್ಲಿ ಎದುರಾದ ಪ್ರಶ್ನೆಯನ್ನು ಯಾರ ಮುಂದೆ ಸಂಕೋಚವಿಲ್ಲದೆ ಇಡಬಲ್ಲೆವೋ, ಯಾರ ಪ್ರಶ್ನೆಗೆ ನಾವೂ ಉತ್ತರ ಹುಡುಕಿಕೊಡುತ್ತೇವೋ ಅವರೇ ನಮ್ಮ ಕಲಿಕಾ ಬಳಗ. ಭಾಷಾ ಶಿಕ್ಷಕರ ಬಳಗದಲ್ಲಂತೂ ಭಾಷೆ ಕಲಿಸದವರೂ ಇರಲೇಬೇಕು.

ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಈ ಉಸಾಬರಿ ಏಕೆ ಎನ್ನಬಹುದು. ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ 'ಕೆಲಸ ಮತ್ತು ಶಕ್ತಿ' ಪಾಠ ಮಾಡಿದವರಿಗೆ ಕಾರಣ ಗೊತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದವಳು ಹೊರೆಯ ಮೇಲೆ ಕೆಲಸ ಮಾಡಿಲ್ಲ ಎಂದರೆ, ಸಂಜೆ ಸುಸ್ತಾಗಿ ಕೂರುವ ಅಮ್ಮನನ್ನು ದಿನಾ ನೋಡುವ ಮಗು ಒಪ್ಪುವುದು ಹೇಗೆ? ತೊಡಕಿರುವುದು ಪದದಲ್ಲಿ. 'ಬಲ' ಎಂದರೆ ಆಡುಮಾತಿನಲ್ಲಿ ಶಕ್ತಿಯೂ ಹೌದು, ಬಲಗಡೆಯೂ ಹೌದು. ಹಳೆಯ ಕಾವ್ಯದಲ್ಲಿ ಸೈನ್ಯವೂ ಹೌದು. ಭೌತವಿಜ್ಞಾನದಲ್ಲಿ ಬಲವೇ ಬೇರೆ, ಶಕ್ತಿಯೇ ಬೇರೆ. ಒಂದನ್ನು ನ್ಯೂಟನ್‌ಗಳಲ್ಲಿ, ಇನ್ನೊಂದನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ. ಅದೇ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ಕನ್ನಡ ಶಿಕ್ಷಕರು ನಾನಾರ್ಥ ಪದಗಳನ್ನು ಕಲಿಸುತ್ತಿರುತ್ತಾರೆ! ಊಟದ ಬಿಡುವಿನಲ್ಲಿ ಇಬ್ಬರೂ ಹತ್ತು ನಿಮಿಷ ಮಾತಾಡಿದರೆ ಅವರಿಗೆ ಮಕ್ಕಳು ಆ ವಾರವೇ ಎಡವಿದ ಉದಾಹರಣೆ ಸಿಗುತ್ತದೆ, ನಮಗೆ ಅರ್ಥ ಬಿಡಿಸಿ ಹೇಳುವ ದಾರಿ ಸಿಗುತ್ತದೆ.

ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣವನ್ನು ನೆನೆಯಿರಿ. ಓದುಗರು ಒಂದು ಪದದ ಅರ್ಥವನ್ನೋ ಸರಿರೂಪವನ್ನೋ ಕೇಳುತ್ತಿದ್ದರು. ಸ್ವತಃ ಅಧ್ಯಾಪಕರಾಗಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ವರ್ಷಗಟ್ಟಲೆ ಉತ್ತರಿಸಿದರು. ಕೇಳಿದವರೊಬ್ಬರು, ಕಲಿತವರು ಅನೇಕರು. ಯಾರೂ ಕೇಳದೇ ಇದ್ದಿದ್ದರೆ ಆ ಅಂಕಣವೇ ಇರುತ್ತಿರಲಿಲ್ಲ. ನಮ್ಮ ಗುಂಪುಗಳಲ್ಲಿ ಇಂಥ ಒಂದು ಪ್ರಶ್ನೆ ವಾರಕ್ಕೊಮ್ಮೆ ಬಂದರೂ ಸಾಕಿತ್ತು.

ಆಕರಗಳಿಗೆ ಈಗ ಅಷ್ಟೇನೂ ಬರವಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ. 'ದೀಕ್ಷಾ'ದಲ್ಲಿ ಪಠ್ಯಕ್ಕೆ ಹೊಂದುವ ಸಾಮಗ್ರಿಯಿದೆ. ಆದರೆ ತಾಂಡಾದ ಮಗು ಮನೆಯ ಲಂಬಾಣಿಯಿಂದ ಶಾಲೆಯ ಕನ್ನಡಕ್ಕೆ ಬರುವಾಗ ಯಾವ ಪದದಲ್ಲಿ ನಿಲ್ಲುತ್ತದೆ ಎಂಬುದನ್ನು ಅದೇ ತಾಂಡಾದ ಅಂಗನವಾಡಿ ಕಾರ್ಯಕರ್ತೆಯೋ ಬಿಸಿಯೂಟದ ಅಕ್ಕನೋ ಹೇಳಬೇಕು. ಕನ್ನಡ ಶಿಕ್ಷಕರ ಬಳಗದಲ್ಲಿ ಅವರ ಹೆಸರು ಮೊದಲು ಬರೆಯಬೇಕೆಂಬುದು ನನ್ನ ವಾದ.

ಇನ್ನು ಕಾಲೇಜಿನ ಪಾಲು. ಸಹಪಾಠಿಗಳ ಪಾಠ ವೀಕ್ಷಣೆಯನ್ನು ನಾವು ನಮ್ಮದೇ ಬೋಧನಾ ವಿಷಯದಲ್ಲಿ ಮುಗಿಸುತ್ತೇವೆ. ಷರಾದಲ್ಲಿ 'ಧ್ವನಿ ಸ್ಪಷ್ಟವಾಗಿತ್ತು, ಕಪ್ಪುಹಲಗೆಯ ಬಳಕೆ ಚೆನ್ನಾಗಿತ್ತು' ಎಂದು ಬರೆದು ಸಹಿ ಹಾಕುತ್ತೇವೆ. ಇವುಗಳಲ್ಲಿ ಎರಡನ್ನಾದರೂ ಬೇರೆ ವಿಷಯದ ಪಾಠಗಳಿಗೆ ಮೀಸಲಿಡಬೇಕು. ಷರಾದ ಜಾಗದಲ್ಲಿ ಪಾಠ ಮಾಡಿದವರಿಗೆ ಒಂದು ಪ್ರಶ್ನೆ ಬರೆಯಬೇಕು. ಕನ್ನಡ ಪಾಠದ ಗುಣಮಟ್ಟವನ್ನು ವಿಜ್ಞಾನದವರು ಅಳೆಯುವುದು ಹೇಗೆ ಎಂದು ಮಾರ್ಗದರ್ಶಕರು ಆಕ್ಷೇಪಿಸಬಹುದು. ಅಳೆಯುವುದು ಬೇಡ, ಅಂಕವೂ ಬೇಡ. ಅರ್ಥವಾಗದ್ದನ್ನು ಕೇಳಲು ಹಿಂದಿನ ಬೆಂಚಿನಲ್ಲಿ ಕೂತವರಿಗೆ ಯಾವ ಅರ್ಹತೆಯೂ ಬೇಕಿಲ್ಲ. ವರ್ಷಾಂತ್ಯಕ್ಕೆ ಈ ಪುಸ್ತಕಗಳು ಕಟ್ಟು ಕಟ್ಟಿಸಿಕೊಂಡು ಕಪಾಟು ಸೇರುತ್ತವೆ. ಆ ಪ್ರಶ್ನೆಗಳ ಪುಟಗಳನ್ನಾದರೂ ಶಾಲಾವಾರು ಜೋಡಿಸಿ ಗ್ರಂಥಾಲಯದಲ್ಲಿಟ್ಟರೆ, ಮುಂದಿನ ತಂಡದವರು ಶಾಲೆಗೆ ಹೋಗುವ ಮೊದಲು ಓದಿಕೊಳ್ಳಬಹುದು.