ಹೆಕ್ಕಿದ ಚಿಪ್ಪು, ತೆಗೆದ ಫೋಟೋ

ಉಡುಪಿಯ ಕಡಿಯಾಳಿಯಿಂದ ಮಲ್ಪೆ ಕಡಲಿಗೆ ಏಳೆಂಟು ಕಿಲೋಮೀಟರ್ ದಾರಿ. ಈ ಕಡೆಯ ಮನೆಗಳ ಶೋಕೇಸಿನಲ್ಲಿ ಗಾಜಿನ ಬಾಟಲಿ ತುಂಬ ಚಿಪ್ಪು ಕಂಡರೆ ಅದರಲ್ಲಿ ವಿಶೇಷವೇನೂ ಇಲ್ಲ. ರಜೆಗೆ ಬಂದ ಮಕ್ಕಳು ಮಲ್ಪೆಯಲ್ಲೋ ಪಡುಕೆರೆಯಲ್ಲೋ ಕಾಪುವಿನಲ್ಲೋ ಹೆಕ್ಕಿ ತಂದದ್ದು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕಂಡ ಚಿಪ್ಪನ್ನು ಮನೆಗೆ ತರಬೇಕೇ, ಫೋಟೋ ತೆಗೆದು ಅಲ್ಲೇ ಬಿಡಬೇಕೇ? ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ.

ಹೆಕ್ಕುವವರ ವಾದ ಮೊದಲು. ದಡದಲ್ಲಿ ಸಿಗುವ ಚಿಪ್ಪುಗಳಲ್ಲಿ ಬಹುಪಾಲು ಖಾಲಿ. ಒಳಗಿನ ಜೀವಿ ಯಾವಾಗಲೋ ಸತ್ತಿರುತ್ತದೆ. ಕೈಗೆ ಎತ್ತಿಕೊಂಡು ನೋಡುವ ಮಗು ಕಲಿಯುವುದು ಹೆಚ್ಚು. ಉಗುರಿನಷ್ಟು ಅಗಲದ ಕಪ್ಪೆಚಿಪ್ಪೊಂದನ್ನು ತಿರುಗಿಸಿ ನೋಡಿ: ಎರಡು ಪಾಲು ಕೂಡುವ ಮೂಲೆಯ ಹತ್ತಿರ ಕೆಲವೊಮ್ಮೆ ದುಂಡನೆಯ ತೂತು ಇರುತ್ತದೆ, ಹೊರಗೆ ಅಗಲ, ಒಳಗೆ ಕಿರಿದು. ಅದು ಕಲ್ಲಿಗೆ ತಾಗಿ ಆದದ್ದಲ್ಲ. ನಾಟಿಕಾ ಕುಲದಂಥ ಮಾಂಸಾಹಾರಿ ಕಡಲ ಬಸವನಹುಳು ಆಮ್ಲ ಸುರಿಸಿ, ಅರದಂಥ ನಾಲಿಗೆಯಿಂದ ಉಜ್ಜಿ ಕೊರೆದು ಒಳಗಿನ ಜೀವಿಯನ್ನು ತಿಂದ ಗುರುತು. ತೂತಿನ ಅಂಚಿನ ಮೇಲೆ ಬೆರಳಾಡಿಸಿದ ಮಗುವಿಗೆ ಕಡಲೊಳಗಿನ ಬದುಕಿನ ಬಗ್ಗೆ ಹುಟ್ಟುವ ಕುತೂಹಲ ಪರದೆಯ ಮೇಲೆ ಚಿತ್ರ ಸರಿಸಿದರೆ ಸುಲಭಕ್ಕೆ ಹುಟ್ಟುವುದಿಲ್ಲ.

ಚಿಪ್ಪನ್ನು ಬಳಸುವುದು ಕರಾವಳಿಗೆ ಹೊಸತೂ ಅಲ್ಲ. ಅಳಿವೆಗಳಲ್ಲಿ ಸಿಗುವ ಮರುವಾಯಿ ಎಂಬ ಕಪ್ಪೆಚಿಪ್ಪು ನಮ್ಮ ಊಟ. ಅದರ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿದ್ದಾರೆ, ಗೋಡೆಗೂ ವೀಳ್ಯದೆಲೆಗೂ ಬಳಿದಿದ್ದಾರೆ. ಚೌಕಾಬಾರದ ಹಾಸಿನಲ್ಲಿ, ಜೋಯಿಸರ ಮಣೆಯ ಮೇಲೆ ಕವಡೆ ಉರುಳುತ್ತಲೇ ಇದೆ. ಮೂಟೆಗಟ್ಟಲೆ ಚಿಪ್ಪು ಸುಟ್ಟ ನಾಡಿನಲ್ಲಿ ಮಗುವಿನ ಬೊಗಸೆಗೆ ಯಾಕೆ ತಕರಾರು ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ವಿಜ್ಞಾನವೂ ಇವರ ಕಡೆಗೊಂದು ಸಾಕ್ಷಿ ಹೇಳುತ್ತದೆ. ಚಿಪ್ಪಿನ ಬೆಳವಣಿಗೆಯ ಗೆರೆಗಳಲ್ಲಿರುವ ಆಮ್ಲಜನಕದ ಐಸೊಟೋಪುಗಳನ್ನು ಅಳೆದರೆ ಆ ಜೀವಿ ಬದುಕಿದ್ದಾಗ ನೀರು ಎಷ್ಟು ಬಿಸಿಯಿತ್ತೆಂದು ಅಂದಾಜು ಮಾಡಬಹುದು. ನೂರು ವರ್ಷ ಹಿಂದೆ ಸಂಗ್ರಹಿಸಿಟ್ಟ ಚಿಪ್ಪಿನಿಂದ ಇಂದೂ ಇಂಥ ಹೊಸ ಉತ್ತರ ಸಿಗುತ್ತದೆ. ಫೋಟೋದಿಂದ ಅದು ಸಿಗದು.

ಇನ್ನು ಬಿಟ್ಟುಬರಬೇಕೆನ್ನುವವರ ಮಾತು. ಖಾಲಿ ಚಿಪ್ಪಿನಿಂದ ದಡಕ್ಕೆ ಉಪಯೋಗವಿಲ್ಲ ಎಂಬುದೇ ತಪ್ಪು ಎನ್ನುತ್ತಾರೆ ಅವರು. ಶಂಖದೊಳಗೆ ಮೈ ತೂರಿಸಿ ಬದುಕುವ ಏಡಿಗೆ ಅದೇ ಮನೆ; ಬೆಳೆದಂತೆಲ್ಲ ದೊಡ್ಡ ಶಂಖಕ್ಕೆ ಒಕ್ಕಲು ಬದಲಿಸಬೇಕು. ಪಾಚಿಗೂ ಸಣ್ಣ ಜೀವಿಗಳಿಗೂ ಅಂಟಿಕೊಳ್ಳಲು ಅದೇ ನೆಲೆ. ಪುಡಿಯಾದ ಮೇಲೆ ಅದೂ ಮರಳಾಗುತ್ತದೆ. ಸ್ಪೇನಿನ ಸಲೋವು ಪಟ್ಟಣದ ಕಡಲತೀರವೊಂದರ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನ ಅವರ ಕೈಯಲ್ಲಿದೆ: ಮೂವತ್ತು ವರ್ಷಗಳಲ್ಲಿ ಪ್ರವಾಸಿಗರ ಸಂಖ್ಯೆ ಸುಮಾರು ಮೂರು ಪಟ್ಟಾಯಿತು, ಚಿಪ್ಪುಗಳು ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿದವು. ಅದಕ್ಕೆ ಹೆಕ್ಕುವುದೊಂದೇ ಕಾರಣ ಎನ್ನಲಾಗದು. ಯಂತ್ರ ಹಾಕಿ ದಡ ಗುಡಿಸುವುದೂ ಇರಬಹುದು. ಆದರೂ ಒಬ್ಬರ ಬೊಗಸೆ ಬೇರೆ, ಜನಜಾತ್ರೆಯ ಬೊಗಸೆ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ಈ ಮಾತು ಹೆಚ್ಚು ಹೊಂದುವುದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ. ಕಂಬಗಳಂತೆ ಎದ್ದು ನಿಂತ ಲಾವಾ ಶಿಲೆಗಳಿಂದಾಗಿ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಲ್ಪೆಯ ಉದ್ದನೆಯ ಮರಳಿನಂತಲ್ಲ ಅಲ್ಲಿನ ದಡ. ಕೆಲವೆಡೆ ಚಿಪ್ಪಿನದ್ದೇ ಹಾಸು. ದೋಣಿ ದೋಣಿಯಾಗಿ ಬಂದಿಳಿಯುವ ಜನರಲ್ಲಿ ಒಬ್ಬೊಬ್ಬರೂ ಒಂದೊಂದು ಹಿಡಿ ಜೇಬಿಗಿಳಿಸಿದರೆ ಆ ಪುಟ್ಟ ನೆಲದಲ್ಲಿ ಅದು ಸಣ್ಣ ಲೆಕ್ಕವಲ್ಲ.

ಇದುವರೆಗಿನದು ಖಾಲಿ ಚಿಪ್ಪಿನ ಮಾತು. ಜೀವಂತ ಶಂಖವನ್ನು ಬಿಸಿನೀರಿಗೆ ಹಾಕಿ ತೊಳೆದು ಅಲಂಕಾರಕ್ಕಿಡುವುದನ್ನು ಒಳ್ಳೆಯ ಸಂಗ್ರಾಹಕರು ಒಪ್ಪುವುದಿಲ್ಲ. ಕೆಲವು ಜಾತಿಗಳಿಗೆ ಕಾನೂನಿನ ಕಾವಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಹಲವು ಮೃದ್ವಂಗಿಗಳು ಸೇರಿದವು: ನಾಟಿಲಸ್, ದೈತ್ಯ ಕಪ್ಪೆಚಿಪ್ಪಿನ ಕೆಲವು ಜಾತಿಗಳು, ಟ್ರೈಟನ್ ಶಂಖ. ಪ್ರವಾಸಿ ತಾಣದ ಅಂಗಡಿಯಲ್ಲಿ ದೊಡ್ಡ ಶಂಖ ಕೊಳ್ಳುವ ಮೊದಲು ಇದು ನೆನಪಿರಲಿ.

ಫೋಟೋದ ಬಲ ಬೇರೆ. ಅಲೆ ಸರಿದ ಕ್ಷಣದ ಒದ್ದೆ ಬಣ್ಣ ಅದರಲ್ಲಿ ಉಳಿಯುತ್ತದೆ. ಮನೆಗೆ ತಂದ ಚಿಪ್ಪು ಒಣಗಿ ಮಂಕಾಗುತ್ತದೆ. ಫೋಟೋದಲ್ಲಿ ದಿನಾಂಕ ತಾನಾಗಿ ದಾಖಲಾಗುತ್ತದೆ, ಲೊಕೇಶನ್ ಆನ್ ಇದ್ದರೆ ಜಾಗವೂ. ಪಕ್ಕದಲ್ಲೊಂದು ನಾಣ್ಯ ಇಟ್ಟು, ಒಳಮೈ ಹೊರಮೈ ಎರಡನ್ನೂ ತೆಗೆದರೆ ತಿಳಿದವರು ಎಷ್ಟೋ ಸಲ ಜಾತಿಯನ್ನೂ ಹೇಳಿಯಾರು. ಹಾಗೆಂದು ಕ್ಯಾಮೆರಾ ಪೂರ್ತಿ ನಿರಪರಾಧಿಯಲ್ಲ. ಚಂದದ ಚಿತ್ರಕ್ಕಾಗಿ ಬಂಡೆಯಡಿಯ ಕಲ್ಲು ಮಗುಚಿ ಹಾಗೇ ಬಿಟ್ಟುಹೋದರೆ ತಂಪಿನಲ್ಲಿದ್ದ ಜೀವಿಗಳು ಬಿಸಿಲಿಗೆ ಸಾಯುತ್ತವೆ. ನಾಲ್ಕು ಚಿಪ್ಪು ಹೆಕ್ಕಿದ ಮಗುವಿಗಿಂತ ಆ ಛಾಯಾಗ್ರಾಹಕ ಮಾಡಿದ ಹಾನಿ ಹೆಚ್ಚು.

ಎರಡನ್ನೂ ತೂಗಿದಾಗ ನನಗೆ ಕಾಣುವುದಿಷ್ಟು: ಚಿಪ್ಪು ಎಲ್ಲಿಯದು, ತಂದ ಮೇಲೆ ಏನಾಗುತ್ತದೆ ಎಂಬುದರ ಮೇಲೆ ಸರಿ ತಪ್ಪು ನಿಂತಿದೆ. ದ್ವೀಪದಲ್ಲಿ, ಬಂಡೆಗಳ ನಡುವೆ, ಜೀವ ಇರುವಲ್ಲಿ ಫೋಟೋ ಸಾಕು. ಮಲ್ಪೆ, ಕಾಪುವಿನ ಬಯಲು ಮರಳಿನಲ್ಲಿ ಒಳಗೆ ಏಡಿ ಇಲ್ಲವೆಂದು ನೋಡಿ ಒಂದು ಜಾತಿಗೆ ಒಂದರಂತೆ ಖಾಲಿ ಚಿಪ್ಪು ತಂದರೆ ತಪ್ಪೆನಿಸದು. ಆದರೆ ತಂದವರಿಗೆ ಹೊಣೆಯೂ ಇದೆ. ಯಾವ ದಡ, ಯಾವ ದಿನ ಎಂದು ಬರೆದ ಚೀಟಿ ಇಲ್ಲದ ಬಾಟಲಿ ವಿಜ್ಞಾನದ ಉಪಯೋಗಕ್ಕೆ ಬಾರದು. ವರ್ಷ ಕಳೆದರೆ ಮನೆಯವರಿಗೂ ಅದು ಎಲ್ಲಿಯದೆಂದು ಮರೆತುಹೋಗುತ್ತದೆ. ಆ ಚೀಟಿ ಬರೆಯುವಷ್ಟು ಆಸ್ಥೆ ಇದ್ದವರು ಹೆಕ್ಕಲಿ. ಇಲ್ಲದವರು ಫೋಟೋ ತೆಗೆದು, ಎತ್ತಿದ್ದನ್ನು ಎತ್ತಿದ ಜಾಗದಲ್ಲೇ ಇಟ್ಟು ಬರಲಿ.