ಕಾವಲಿಗೆ ಅಂಟಿದ ಹಿಟ್ಟು, ಡಿಸ್ಕಿಗೆ ಅಂಟಿದ ಬ್ರೇಕ್

ಹೋದ ಸಲ ಟೈರಿನ ಗಾಳಿ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಒಂದೇ ಪ್ರಶ್ನೆ ಮೂರ್ನಾಲ್ಕು ರೂಪದಲ್ಲಿತ್ತು. “ಕಾರು ಓಡೋವಾಗ ಚೆನ್ನಾಗೇ ಇರುತ್ತೆ, ಬ್ರೇಕ್ ಒತ್ತಿದ ತಕ್ಷಣ ಸ್ಟೇರಿಂಗ್ ಗಡಗಡ ನಡುಗುತ್ತೆ. ಗ್ಯಾರೇಜಿನವರು ಡಿಸ್ಕ್ ಬೆಂಡ್ ಆಗಿದೆ, ಬದಲಾಯಿಸಿ ಅಂತಾರೆ. ಬದಲಾಯಿಸಬೇಕಾ?”

ಕೆಲವು ಸಲ ಬದಲಾಯಿಸಲೇಬೇಕಾಗುತ್ತೆ. ಆದರೆ ಬಹಳಷ್ಟು ಸಲ ಡಿಸ್ಕ್ ಬೆಂಡ್ ಆಗಿರೋದೇ ಇಲ್ಲ. ಕಾರಣ ಹುಡುಕದೆ ಹೊಸ ಡಿಸ್ಕ್ ಹಾಕಿಸಿದರೆ, ಸ್ವಲ್ಪ ದಿನದಲ್ಲಿ ಅದೂ ನಡುಗೋಕೆ ಶುರು ಮಾಡಬಹುದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ತಪ್ಪು ಎಲ್ಲಿದೆ ಅಂತ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ಅವತ್ತಿಗೆ ಸರಿ, ನಾಳೆ ಮತ್ತೆ ಅದೇ ಗೋಳು.

ಇದು ಅರ್ಥವಾಗಬೇಕಾದರೆ ಒಂದು ನಿಮಿಷ ಅಡುಗೆಮನೆಗೆ ಹೋಗಿ ಬರೋಣ. ಬೀಡಿನ ದೋಸೆ ಕಾವಲಿ ತಂದ ದಿನವೇ ಅದರ ಮೇಲೆ ದೋಸೆ ಏಳಲ್ಲ. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಪಳಗಿಸಬೇಕು. ಆಗ ಮೇಲ್ಮೈ ತುಂಬ ಒಂದೇ ಸಮನಾದ ತೆಳು ಪದರ ಕೂರುತ್ತೆ. ನಿಮ್ಮ ಕಾರಿನ ಬ್ರೇಕ್ ಡಿಸ್ಕ್ ಕೂಡ ಬೀಡು ಕಬ್ಬಿಣದ್ದೇ. ಅದರ ಮೇಲೂ ಪ್ಯಾಡಿನ ವಸ್ತು ತೆಳ್ಳಗೆ, ಸಮವಾಗಿ ಕೂರಬೇಕು. ಪ್ಯಾಡು ಬರೀ ಕಬ್ಬಿಣವನ್ನ ಉಜ್ಜಿ ಗಾಡಿ ನಿಲ್ಲಿಸುತ್ತೆ ಅಂದುಕೊಂಡಿರ್ತೀವಿ. ಹಿಡಿತದ ದೊಡ್ಡ ಪಾಲು ಹುಟ್ಟೋದು ಪ್ಯಾಡಿಗೂ, ಡಿಸ್ಕಿನ ಮೇಲೆ ಕೂತ ಅದರದೇ ಪದರಕ್ಕೂ ನಡುವೆ.

ಕಾವಲಿ ಒಂದು ಕಡೆ ಅತಿಯಾಗಿ ಕಾದರೆ ಏನಾಗುತ್ತೆ? ಹಿಟ್ಟು ಅಲ್ಲೇ ಅಂಟುತ್ತೆ. ಮುಂದಿನ ದೋಸೆಯೂ ಅದೇ ಜಾಗದಲ್ಲಿ ಹಿಡಿದುಕೊಳ್ಳುತ್ತೆ. ಡಿಸ್ಕಿನ ಕಥೆಯೂ ಇದೇ. ಒಂದು ಕಡೆ ಪದರ ದಪ್ಪವಾದರೆ ಚಕ್ರ ಸುತ್ತಿದಾಗಲೆಲ್ಲ ಪ್ಯಾಡು ಅಲ್ಲಿ ಹೆಚ್ಚು ಹಿಡಿಯುತ್ತೆ, ಅಲ್ಲಿ ಬಿಸಿ ಹೆಚ್ಚುತ್ತೆ, ಇನ್ನಷ್ಟು ಅಂಟುತ್ತೆ. 80 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸಲ ಸುತ್ತುತ್ತೆ. ಅಂದರೆ ಸೆಕೆಂಡಿಗೆ 12 ಸಲ ಹಿಡಿ-ಬಿಡು, ಹಿಡಿ-ಬಿಡು. ಸ್ಟೇರಿಂಗಿನಲ್ಲಿ ನಮ್ಮ ಕೈಗೆ ಬರೋ ನಡುಕ ಅದೇ. ಇಷ್ಟಕ್ಕೆ ಮಿಲಿಮೀಟರಿನ ನೂರನೇ ಒಂದೆರಡು ಪಾಲಿನಷ್ಟು ವ್ಯತ್ಯಾಸ ಸಾಕು. ನಮ್ಮ ತಲೆಗೂದಲು ಅದಕ್ಕಿಂತ ದಪ್ಪ.

ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಈ ವಿಷಯದ ಬಗ್ಗೆ ಒಂದು ಹೆಸರಾದ ಲೇಖನ ಬರೆದಿದ್ದಾರೆ. 1960ರ ದಶಕದಲ್ಲಿ ಫೋರ್ಡ್‌ನವರ ಲೆ ಮಾನ್ಸ್ ರೇಸ್ ಕಾರುಗಳ ಮೇಲೆ ಕೆಲಸ ಮಾಡಿದವರು ಅವರು. ‘ಬೆಂಡ್ ಆಗಿದೆ’ ಅಂತ ತಮ್ಮ ಬಳಿ ಬಂದು, ತಾವು ಪರೀಕ್ಷಿಸಿದ ಪ್ರತಿಯೊಂದು ಡಿಸ್ಕಿನಲ್ಲೂ ನಿಜವಾದ ಕಾರಣ ಪ್ಯಾಡಿನ ವಸ್ತು ಏರುಪೇರಾಗಿ ಅಂಟಿದ್ದೇ ಅನ್ನೋದು ಅವರ ಅನುಭವದ ಸಾರ.

ಈಗ ಕಾರಿನ ಕಥೆ. ನನ್ನ ಟೀಮಿನ ಗೆಳೆಯನದು ಐದು ವರ್ಷದ ಹ್ಯಾಚ್‌ಬ್ಯಾಕ್. ವಾರವೆಲ್ಲ ಔಟರ್ ರಿಂಗ್ ರೋಡಿನಲ್ಲಿ ತೆವಳೋ ಈ ಕಾರು ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗುತ್ತೆ. ಅಲ್ಲಿ ಒಂದು ಸುತ್ತು ಅಂದರೆ 3.7 ಕಿ.ಮೀ. ರೇಸ್ ಇಲ್ಲದ ದಿನ ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು ಸ್ವಂತ ಕಾರನ್ನೇ ಓಡಿಸಬಹುದು. ಮನೆಯವರಿಗೆ ಇದು ಅಷ್ಟಕ್ಕಷ್ಟೆ. ಈ ಸಲ ವಾಪಸ್ ಬರೋವಾಗ ಕೃಷ್ಣಗಿರಿ ಹತ್ತಿರ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗೋಕೆ ಶುರುವಾಯ್ತು. ಸರ್ವಿಸ್ ಸೆಂಟರಿನಲ್ಲಿ ಚಕ್ರವನ್ನೂ ಬಿಚ್ಚದೆ “ಎರಡೂ ಡಿಸ್ಕ್ ಬೆಂಡ್ ಆಗಿವೆ ಸಾರ್” ಅಂತ ಅಂದಾಜು ಬಿಲ್ ಕೈಗಿಟ್ಟರು.

ದುಡ್ಡು ಒಂದು ಕಡೆ. ಮುಂದಿನ ಶನಿವಾರ ಅದೇ ಕಾರಲ್ಲಿ ಮಗುವಿನ ಮುಡಿ ಕೊಡೋಕೆ ಇಡೀ ಮನೆ ಧರ್ಮಸ್ಥಳಕ್ಕೆ ಹೊರಟಿತ್ತು. ಅವನ ಅಮ್ಮ ನನ್ನ ಹತ್ತಿರ ಖಡಾಖಂಡಿತವಾಗಿ ಹೇಳಿದರು: “ನೋಡಪ್ಪ, ಬ್ರೇಕ್ ಅಲ್ಲಾಡೋ ಗಾಡೀಲಿ ಶಿರಾಡಿ ಘಾಟಿ ಇಳಿಯೋಕೆ ನಾನು ಬರಲ್ಲ. ನಾನು, ಮಗು ಬಸ್ಸಲ್ಲೇ ಹೋಗ್ತೀವಿ. ಇವನು ಬೇಕಾದ್ರೆ ಹಾರ್ಕೊಂಡು ಬರಲಿ.” ನಾನು “ಆಂಟಿ, ಗುರುವಾರದೊಳಗೆ ಏನು ಅಂತ ನೋಡಿ ಹೇಳ್ತೀವಿ” ಅಂದೆ.

ಟ್ರ್ಯಾಕಿನಲ್ಲಿ ಆಗಿದ್ದು ಇಷ್ಟು. ಸಾವಿರ ಕೆ.ಜಿ. ತೂಕದ ಕಾರು 100 ಕಿ.ಮೀ. ವೇಗದಿಂದ ನಿಲ್ಲಬೇಕಾದರೆ ಸುಮಾರು 386 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಅಷ್ಟರಲ್ಲಿ ಸುಮಾರು ಒಂದೂಕಾಲು ಲೀಟರ್ ನೀರು ಕುದಿಯೋ ಬಿಸಿಗೆ ಬರುತ್ತೆ. 60ರಿಂದ ನಿಲ್ಲಿಸೋದಕ್ಕೆ ಹೋಲಿಸಿದರೆ ಇದು ಹತ್ತಿರ ಹತ್ತಿರ ಮೂರು ಪಟ್ಟು ಶಾಖ. ಟ್ರ್ಯಾಕಿನಲ್ಲಿ ಆರೋಕೆ ಬಿಡದೆ ಮತ್ತೆ ಮತ್ತೆ ಇದೇ ನಡೆಯುತ್ತೆ. ಅವನ ಕಾರಲ್ಲಿದ್ದದ್ದು ರಸ್ತೆಗೆ ಮಾಡಿದ ಮಾಮೂಲಿ ಪ್ಯಾಡು. ಕೊನೆಯ ಸುತ್ತು ಮುಗಿಸಿ ಅದೇ ಬಿಸಿಯಲ್ಲಿ ಒಳಗೆ ಬಂದು, ಮುಂದಿದ್ದ ಕಾರುಗಳ ಸಾಲಿನಲ್ಲಿ ಬ್ರೇಕ್ ಒತ್ತಿಕೊಂಡೇ ಕಾದಿದ್ದ. ಕಾದ ಪ್ಯಾಡು ಕಾದ ಡಿಸ್ಕಿನ ಒಂದೇ ಜಾಗವನ್ನ ಅಪ್ಪಿಕೊಂಡು ಕೂತರೆ ಅಲ್ಲಿ ಅಚ್ಚು ಬೀಳುತ್ತೆ. ಅನುಭವಸ್ಥರು ಕೊನೆಯ ಸುತ್ತನ್ನ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸೋದು ಇದೇ ಕಾರಣಕ್ಕೆ.

ಬುಧವಾರ ಬೆಳಿಗ್ಗೆ ಪರಿಚಯದ ಸಣ್ಣ ಗ್ಯಾರೇಜಿಗೆ ಹೋದೆವು. ಅಲ್ಲಿನ ಅಣ್ಣ ಮೂವತ್ತು ವರ್ಷದ ಕೈ. ಡಿಸ್ಕ್ ಮೇಲೆ ಕೈ ಹಾಕೋ ಮೊದಲು ಬೇರೆ ಕಾರಣಗಳನ್ನ ಒಂದೊಂದಾಗಿ ತೆಗೆದುಹಾಕಿದರು. ಬ್ರೇಕ್ ಒತ್ತದೇ ಇದ್ದಾಗಲೂ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್ ವಿಷಯ, ಇಲ್ಲಿ ಹಾಗಿರಲಿಲ್ಲ. ವೀಲ್ ನಟ್ಟುಗಳ ಬಿಗಿ ಸಮ ಇತ್ತು. ಕ್ಯಾಲಿಪರ್ ಸಲೀಸಾಗಿ ಜಾರುತ್ತಿತ್ತು. ಡಿಸ್ಕ್ ತೆಗೆದು ಹಬ್ಬಿನ ಮೇಲಿನ ತುಕ್ಕು ಉಜ್ಜಿದರು, ಯಾಕೆಂದರೆ ಅಲ್ಲಿ ಚೂರು ತುಕ್ಕು ಸಿಕ್ಕಿಕೊಂಡರೂ ಡಿಸ್ಕ್ ಓರೆಯಾಗಿ ಕೂರುತ್ತೆ. ಮತ್ತೆ ಕೂರಿಸಿ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಓಲಾಟ ಮಿತಿಯೊಳಗೇ ಇತ್ತು. ಡಿಸ್ಕ್ ಬೆಂಡ್ ಆಗಿರಲಿಲ್ಲ. ಬೆಳಕಿಗೆ ಹಿಡಿದಾಗ ಮಾತ್ರ ಒಂದು ಕಡೆ ಪ್ಯಾಡಿನದೇ ಆಕಾರದ ಕಪ್ಪು ಕಲೆ ಕಾಣಿಸಿತು.

“ಕಾವಲಿಗೆ ದೋಸೆ ಹತ್ತಿದಂಗೆ ಹತ್ತಿದೆ ಸಾರ್” ಅಂದರು. ಮೇಲೆ ನಾನು ಬರೆದ ಹೋಲಿಕೆಯ ಯಜಮಾನರು ಅವರೇ.

ಡಿಸ್ಕಿನ ದಪ್ಪ ಅಳೆದರು. ಡಿಸ್ಕ್ ಎಷ್ಟು ಸವೆಯಬಹುದು ಅನ್ನೋ ಕನಿಷ್ಠ ದಪ್ಪವನ್ನ ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರ್ತಾರೆ. ಇನ್ನೂ ಬೇಕಾದಷ್ಟು ಉಳಿದಿತ್ತು. ಮಾಸ್ಕ್ ಹಾಕ್ಕೊಂಡು, ಡಿಸ್ಕಿನ ಎರಡೂ ಮುಖವನ್ನ ಸ್ಯಾಂಡ್ ಪೇಪರಿನಲ್ಲಿ ಸಮವಾಗಿ ಉಜ್ಜಿ, ಬ್ರೇಕ್ ಕ್ಲೀನರ್‌ನಿಂದ ಒರೆಸಿದರು. ಬ್ರೇಕ್ ಧೂಳನ್ನ ಗಾಳಿ ಹೊಡೆದು ಹಾರಿಸಬಾರದು, ಶ್ವಾಸಕೋಶಕ್ಕೆ ಒಳ್ಳೇದಲ್ಲ. ಹಳೇ ಪ್ಯಾಡಿನ ಮೇಲ್ಮೈ ಹೊಳಪಾಗಿ ಗಟ್ಟಿಯಾಗಿತ್ತು, ಹಾಗಾಗಿ ಪ್ಯಾಡು ಮಾತ್ರ ಹೊಸದು.

ಆಮೇಲೆ ಪಳಗಿಸೋ ಕೆಲಸ. ಗುರುವಾರ ನಸುಕಿನಲ್ಲಿ, ಊರಾಚೆ ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಸುಮಾರು 60ರಿಂದ 15ರವರೆಗೆ ಗಟ್ಟಿಯಾಗಿ, ಆದರೆ ಚಕ್ರ ಲಾಕ್ ಆಗದ ಹಾಗೆ ಬ್ರೇಕ್ ಹಿಡಿದು, ಬಿಟ್ಟು, ಮತ್ತೆ ವೇಗ ಪಡೆಯೋದು. ಹೀಗೆ ಎಂಟು-ಹತ್ತು ಸಲ. ನಡುವೆ ಗಾಡಿಯನ್ನ ಪೂರ್ತಿ ನಿಲ್ಲಿಸಲೇಬಾರದು. ಆಮೇಲೆ ಹತ್ತು ನಿಮಿಷ ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ ಆರಿಸೋದು. ಪ್ಯಾಡಿನ ಕಂಪನಿಯವರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಮೊದಲ ಸುತ್ತಿಗೆ ನಡುಕ ಮುಕ್ಕಾಲು ಪಾಲು ಹೋಯ್ತು. ಪೂರ್ತಿ ಆರಿಸಿ ಎರಡನೇ ಸಲ ಮಾಡಿದ ಮೇಲೆ ಗೊತ್ತೇ ಆಗದ ಹಾಗಾಯ್ತು. ಸಂಜೆ ಆಂಟಿಯನ್ನೇ ಮುಂದೆ ಕೂರಿಸಿ ಒಂದು ಸುತ್ತು ಹೊಡೆಸಿದೆವು. “ಸರಿ ಹೋಗಿದೆ, ಆದ್ರೆ ಘಾಟಿಯಲ್ಲಿ ನಿಧಾನ” ಅಂದರು.

ಎಲ್ಲ ಕಾರಿಗೂ ಇಷ್ಟರಲ್ಲೇ ಮುಗಿಯುತ್ತೆ ಅಂತಲ್ಲ. ನಡುಗೋ ಗಾಡಿಯನ್ನ ಹಾಗೇ ತಿಂಗಳುಗಟ್ಟಲೆ ಓಡಿಸಿದರೆ ಕಲೆ ಇರೋ ಜಾಗ ಅತಿಯಾಗಿ ಕಾಯುತ್ತೆ. ಬಿಸಿ 650 ಡಿಗ್ರಿ ದಾಟಿದರೆ ಕಬ್ಬಿಣದೊಳಗೇ ಸಿಮೆಂಟೈಟ್ ಅನ್ನೋ ಗಟ್ಟಿ ರೂಪ ಹುಟ್ಟುತ್ತೆ. ಅದು ಉಜ್ಜಿದರೆ ಹೋಗಲ್ಲ. ಲೇಥಿನಲ್ಲಿ ಮೇಲ್ಮೈ ಕೆತ್ತಿಸಿದರೂ ಆಳದಲ್ಲಿ ಉಳಿದಿದ್ದರೆ ನಡುಕ ವಾಪಸ್ ಬರುತ್ತೆ. ಆಗ ಡಿಸ್ಕ್ ಬದಲಾಯಿಸೋದೇ ಸರಿ. ಬೇಗ ನೋಡಿಸಿದಷ್ಟೂ ಖರ್ಚು ಕಡಿಮೆ.

ಟ್ರ್ಯಾಕಿನ ಹುಚ್ಚು ಇರೋರಿಗೆ: ಹೆಚ್ಚು ಬಿಸಿ ತಡೆಯೋ ಪ್ಯಾಡು ಅಲ್ಲಿಗೆ ಬೇರೆ ಇಟ್ಟುಕೊಳ್ಳಿ, ಬದಲಾಯಿಸಿದಾಗಲೆಲ್ಲ ಡಿಸ್ಕ್ ಉಜ್ಜಿ ಮತ್ತೆ ಪಳಗಿಸಿ. ಗಾಡಿ ನಿಲ್ಲಿಸಬೇಕಾದಾಗ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಟ್ರ್ಯಾಕಿನ ಹೆಸರೇ ಕೇಳದವರಿಗೂ ಇದೇ ಪಾಠ, ಯಾಕೆಂದರೆ ನಮಗೆಲ್ಲ ಘಾಟಿಗಳಿವೆ. ಶಿರಾಡಿಯೋ ಆಗುಂಬೆಯೋ ಚಾರ್ಮಾಡಿಯೋ, ಇಳಿಯೋವಾಗ ಎರಡನೇ, ಬೇಕಾದರೆ ಮೊದಲನೇ ಗೇರಿನಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ; ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಪೂರ್ತಿ ಬಿಡಿ. ಇಳಿದ ತಕ್ಷಣ ಟೀ ಅಂಗಡಿ ಕಂಡರೂ ಒಂದೆರಡು ಕಿ.ಮೀ. ನಿಧಾನವಾಗಿ ಮುಂದೆ ಹೋಗಿ ನಿಲ್ಲಿಸಿ, ಡಿಸ್ಕಿಗೂ ಸ್ವಲ್ಪ ಗಾಳಿ ಸಿಗಲಿ.

ಕೊನೆಯದಾಗಿ, ನಡುಕ ಬೇರೆ, ಕಾಲಡಿ ಪೆಡಲ್ ಮೆತ್ತಗಾಗಿ ಕುಸಿಯೋದು ಬೇರೆ. ಪೆಡಲ್ ಕುಸಿದರೆ, ಸುಟ್ಟ ವಾಸನೆ ಬಂದರೆ, ಗಾಡಿ ಒಂದೇ ಕಡೆ ಎಳೆದರೆ ಗೇರ್ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮೆಕ್ಯಾನಿಕ್‌ನ ಕರೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತೆ, ಕುದಿದರೆ ಪೆಡಲ್ ಕುಸಿಯುತ್ತೆ. ನಿಮ್ಮ ಗಾಡಿಯಲ್ಲಿ ಅದನ್ನ ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಅಂತ ಸರ್ವಿಸ್ ಪುಸ್ತಕದಲ್ಲಿ ನೋಡಿ. ಉತ್ತರ ಸಿಗದಿದ್ದರೆ ಮುಂದಿನ ಘಾಟಿಗೆ ಮುಂಚೆ ಆ ಕೆಲಸ ಮುಗಿಸಿಕೊಳ್ಳಿ.