ಹೆಚ್ಚಿಗೆ ಹೋದ ಪಗಾರ ಹಿಂದಕ್ಕೆ ಪಡೆಯುವ ರೀತಿ

ಆಳಿಗೆ ಕೂಲಿ ಕಡಿಮೆ ಕೊಟ್ಟರೆ ಜಗಳ ಅಂದೇ ಸಂಜೆ ಆಗುತ್ತದೆ. ಹೆಚ್ಚು ಕೊಟ್ಟರೆ ಜಗಳ ಆಗುವುದು ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ಲೆಕ್ಕಪರಿಶೋಧಕರು ಬಂದು ಹೋದ ನಂತರ. ಈ ಎರಡನೆಯ ಜಗಳದ ಬಗ್ಗೆ ಬೆಳೆಗಾರ ಬಾಂಧವರೊಡನೆ ನಾಲ್ಕು ಮಾತು ಆಡಬೇಕೆನಿಸಿದೆ. "ದುಡ್ಡು ನಮ್ಮದು, ಮುಂದಿನ ಬಟವಾಡೆಯಲ್ಲಿ ಮುರಿದುಕೊಂಡರಾಯಿತು" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಆ ಮಾತು ಅರ್ಧ ಸರಿ. ಉಳಿದರ್ಧದಲ್ಲಿಯೇ ತೊಡಕು ಇರುವುದು.

ಹೆಚ್ಚಿನ ಪಾವತಿ ಹೇಗೆ ಆಗುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುತ್ತದೆ, ಗುಮಾಸ್ತರು ಬೇರೆ ಅಂಕಣದ ದರ ಹಿಡಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಪೂರ್ತಿ ದಿನವಾಗುತ್ತದೆ. ಕಾಫಿ ಕೊಯಿಲಿನಲ್ಲಿ ಚೀಲದ ತೂಕ ಎರಡು ಸಲ ಬರೆದು ಹೋಗುತ್ತದೆ. ಇವುಗಳಲ್ಲಿ ಕೂಲಿಯವನ ಕೈವಾಡ ಯಾವುದರಲ್ಲಿಯೂ ಇಲ್ಲ. ಬರೆದವರು ನಮ್ಮವರು, ರುಜು ಹಾಕಿದವರು ನಾವು. ದಂಡ ಮಾತ್ರ ಅವನ ತಲೆಗೆ ಬಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತಾಯಿತು.

ಹಾಗೆಂದು ಕಾನೂನು ನಮ್ಮ ಕೈ ಕಟ್ಟಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ಪಗಾರದಿಂದ ಏನೇನು ಕಡಿತ ಮಾಡಬಹುದೆಂಬ ಪಟ್ಟಿ ಇತ್ತು; ಮುಂಗಡದ ವಸೂಲಿಯ ಜೊತೆಗೆ, ಹೆಚ್ಚಾಗಿ ಕೊಟ್ಟ ಪಗಾರದ ಹೊಂದಾಣಿಕೆಯೂ ಅದರಲ್ಲಿತ್ತು. ಆ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 18ನೆಯ ಕಲಮಿನಲ್ಲಿಯೂ ಅದೇ ಅವಕಾಶವುಂಟು. ಆದರೆ ಒಂದು ಪಗಾರದ ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ಶೇಕಡಾ 50ನ್ನು ದಾಟುವಂತಿಲ್ಲ. ಸಹಕಾರಿಗಳಾದ ನಾವು ಇಲ್ಲಿ ಒಂದು ಬದಲಾವಣೆಯನ್ನು ಗಮನಿಸಬೇಕು. ಕಡಿತದಲ್ಲಿ ಸಹಕಾರ ಸಂಘದ ಬಾಕಿಯೂ ಸೇರಿದ್ದರೆ ಹಳೆಯ ಕಾಯಿದೆ ಶೇಕಡಾ 75ರವರೆಗೆ ಬಿಡುತ್ತಿತ್ತು. ಸಂಹಿತೆಯ ಈ ಕಲಮಿನಲ್ಲಿ ಆ ರಿಯಾಯಿತಿ ಇಲ್ಲ. ಕೃಷಿ ಕೆಲಸಕ್ಕೆ ಐದು ಜನಕ್ಕಿಂತ ಹೆಚ್ಚು ಆಳು ಇಡದವರಿಗೆ ದಾಖಲೆ ಪುಸ್ತಕ, ಪಗಾರ ಚೀಟಿಗಳ ಕಟ್ಟಲೆ ತಪ್ಪಿದೆ, ನಿಜ. ಆದರೂ ಅಧಿಕಾರಿ ಕೇಳಿದಾಗ ಪಗಾರ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಲೇಬೇಕು.

ನ್ಯಾಯಾಲಯಗಳು ಈ ವಿಷಯವನ್ನು ಇನ್ನೊಂದು ಮಗ್ಗುಲಿನಿಂದ ನೋಡಿವೆ. ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಕೆಲವು ಗೆರೆಗಳನ್ನು ಎಳೆಯಿತು: ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಮತ್ತು ತಪ್ಪು ಪಾವತಿ ಐದು ವರ್ಷಕ್ಕೂ ಮೀರಿ ನಡೆದು ಬಂದಿದ್ದರೆ, ವಸೂಲಿ ಸಲ್ಲದು. 2022ರಲ್ಲಿ ಕೇರಳದ ನಿವೃತ್ತ ಶಿಕ್ಷಕರೊಬ್ಬರ ಪ್ರಕರಣದಲ್ಲಿಯೂ ವಸೂಲಿಯನ್ನು ತಡೆಯಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಅವರು ಮೂಡುಬಿದಿರೆ ಬಳಿಯ ಬೆಳುವಾಯಿಯವರು, ಅಡಿಕೆಯ ಸೀಮೆಯವರೇ. ಆ ಶಿಕ್ಷಕರು ನಿವೃತ್ತರಾದದ್ದು 1999ರಲ್ಲಿ. ನಿಯಮವನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದು ಇಲಾಖೆ. ಹಾಗೆಂದು ಎಲ್ಲರಿಗೂ ಮಾಫಿಯೇನಲ್ಲ. ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆಂದು ಮೊದಲೇ ಬರೆದುಕೊಟ್ಟಿದ್ದ ನ್ಯಾಯಾಂಗ ಅಧಿಕಾರಿಯೊಬ್ಬರು 2016ರ ತೀರ್ಪಿನಂತೆ ಹಣ ಕಟ್ಟಬೇಕಾಯಿತು.

ಇವೆಲ್ಲ ಸರ್ಕಾರಿ ನೌಕರಿಯ ತೀರ್ಪುಗಳು, ತೋಟದ ಆಳಿಗೆ ಹೇಗೆ ಅನ್ವಯ ಎಂದು ಯಾರಾದರೂ ಕೇಳಬಹುದು. ನೇರವಾಗಿ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಅವುಗಳ ಹಿಂದಿರುವ ವಿಚಾರ ನಮ್ಮ ತೋಟಕ್ಕೇ ಹೆಚ್ಚು ಒಪ್ಪುತ್ತದೆ. ಕೆಳಗಿನ ದರ್ಜೆಯ ನೌಕರ ಬಂದ ಪಗಾರವನ್ನೆಲ್ಲ ಸಂಸಾರಕ್ಕೇ ಖರ್ಚು ಮಾಡಿಬಿಡುತ್ತಾನೆ. ತನ್ನದೇ ಎಂದು ನಂಬಿ ತಿಂದದ್ದನ್ನು ಆಮೇಲೆ ಕಕ್ಕಿಸುವುದು ಕ್ರೌರ್ಯ ಎಂಬುದು ಆ ವಿಚಾರ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 20 ರೂಪಾಯಿಯಂತೆ ಹೆಚ್ಚು ಹೋಯಿತು, ತಿಂಗಳಿಗೆ 25 ದಿನ, ಆರು ತಿಂಗಳು. ಒಟ್ಟು 3,000 ರೂಪಾಯಿ. ಕೊಳೆರೋಗ, ಎಲೆಚುಕ್ಕಿ ರೋಗಗಳಲ್ಲಿ ಬೆಂದ ಎರಡೆಕರೆ ತೋಟದವನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ದಿನಕ್ಕೆ 20ರಂತೆ ಬಂದದ್ದು ಅವನ ಮನೆಯಲ್ಲಿ ಎಣ್ಣೆಯಾಗಿ, ಬೇಳೆಯಾಗಿ ಕರಗಿ ಹೋಗಿದೆ. ನಾವು ಕೇಳುವುದು ಮಾತ್ರ ಇಡಿಗಂಟು. ಒಂದೇ ಬಟವಾಡೆಯಲ್ಲಿ ಮುರಿದರೆ ಆ ತಿಂಗಳು ಒಲೆ ಉರಿಯುವುದು ಹೇಗೆ?

ನಮ್ಮ ಮುಗದದ ಸುತ್ತ ಭತ್ತದ ಕಟಾವು, ಅತ್ತ ಘಟ್ಟದಲ್ಲಿ ಅಡಿಕೆ ಮತ್ತು ಕಾಫಿಯ ಕೊಯಿಲು, ಎಲ್ಲವೂ ಸುಮಾರು ಒಂದೇ ಕಾಲಕ್ಕೆ ಬೀಳುತ್ತವೆ. ಬಟವಾಡೆಯಲ್ಲಿ ಮುಖ ಮುರಿದುಕೊಂಡವನು ಮರುದಿನ ಇನ್ನೊಬ್ಬರ ಗದ್ದೆಯಲ್ಲಿರುತ್ತಾನೆ. ಹಾಗೆ ಹೋಗದಿರಲೆಂದು ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಅದು ಇದಕ್ಕಿಂತ ಕೆಟ್ಟದ್ದು. ಹೆಚ್ಚಿಗೆ ಹೋದ ಹಣವನ್ನು ಮುಂಗಡದ ಖಾತೆಗೆ ಸೇರಿಸಿ, "ತೀರುವವರೆಗೆ ಇಲ್ಲೇ ದುಡಿ" ಎನ್ನುವುದು. ಬಾಂಧವರೇ, ಇದಕ್ಕೆ ನಮ್ಮ ಹಿರಿಯರ ಕಾಲದಲ್ಲಿ ಒಂದು ಹೆಸರಿತ್ತು. ಅದನ್ನು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ, ಆಮೇಲೆ 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಿಂದ ತೆಗೆದುಹಾಕಲಾಯಿತು. ಸಾಲದ ಹೆಸರಿನಲ್ಲಿ ಆಳನ್ನು ಕಟ್ಟಿಹಾಕಿದರೆ ಅಪರಾಧ ನಮ್ಮದಾಗುತ್ತದೆ. ಬಿಟ್ಟು ಹೋಗುವವನ ಕಡೆಯ ಪಗಾರವನ್ನು ತಡೆಹಿಡಿಯುವುದೂ ಸಲ್ಲ. ಕೆಲಸ ಬಿಟ್ಟವನಿಗೂ ಬಿಡಿಸಿದವನಿಗೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ತೀರಿಸಬೇಕೆಂದು ಸಂಹಿತೆ ಹೇಳುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು. ಆಯಾ ಹಂಗಾಮಿನ ಲೆಕ್ಕ ಆ ಹಂಗಾಮಿನಲ್ಲಿಯೇ ಮುಗಿಯಬೇಕು. ತಪ್ಪು ಸಿಕ್ಕಿದ್ದು ಮುಂದಿನ ವರ್ಷವಾದರೆ ಕೈಬಿಡುವುದೇ ಲೇಸು. ಸರ್ಕಾರಕ್ಕೆ ನ್ಯಾಯಾಲಯ ಐದು ವರ್ಷದ ಗೆರೆ ಎಳೆದಿರಬಹುದು. ಎದುರಿಗೇ ನಿಂತು ದುಡಿಸುವ ನಮಗೆ ಅಷ್ಟು ಸಮಯ ಬೇಕಿಲ್ಲ. ಆ ಹಂಗಾಮಿನದೇ ತಪ್ಪಾದರೆ ಅವನನ್ನು ಕೂರಿಸಿ, ಹಾಜರಿ ಪುಸ್ತಕ ತೋರಿಸಿ, ಓದಲು ಬಾರದಿದ್ದರೆ ಅವನು ನಂಬುವವರಿಂದ ಓದಿಸಿ, ಅವನು ಒಪ್ಪಿದ ಮೇಲೆ ಸಣ್ಣ ಕಂತುಗಳಲ್ಲಿ ಹಿಡಿಯಬೇಕು. ಅರ್ಧ ಪಗಾರ ಎಂಬುದು ಕಾನೂನಿನ ಮೇಲ್ಮಿತಿ. ಅಷ್ಟೂ ಹಿಡಿಯಲೇಬೇಕೆಂದು ಯಾರೂ ಹೇಳಿಲ್ಲ. ಹತ್ತರಲ್ಲಿ ಒಂದು ಪಾಲು ಹಿಡಿದರೆ ಮನೆಯೂ ನಡೆಯುತ್ತದೆ, ಲೆಕ್ಕವೂ ತೀರುತ್ತದೆ.

ಸಹಕಾರ ಸಂಘಗಳ ಸಿಬ್ಬಂದಿಗೂ ಇದೇ ನ್ಯಾಯ ಸಲ್ಲಬೇಕು. ಗುಮಾಸ್ತರಿಗೆ ವಾರ್ಷಿಕ ಬಡ್ತಿಯನ್ನು ತಪ್ಪು ದಿನಾಂಕದಿಂದ ಮಂಜೂರು ಮಾಡುವುದು ಆಡಳಿತ ಮಂಡಳಿ. ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದೊಡನೆ ಅವರ ಪಗಾರಕ್ಕೆ ಕೈ ಹಾಕುವುದೂ ಅದೇ ಮಂಡಳಿ. ಠರಾವು ಬರೆಯುವ ಮೊದಲು ಒಂದು ನೋಟೀಸು ಕೊಟ್ಟು ಅವರ ಮಾತು ಕೇಳಿದರೆ ಮಂಡಳಿಯ ಗೌರವ ಕಡಿಮೆಯಾಗದು.

ಇನ್ನೊಂದು ಮಾತು, ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹೆಚ್ಚಿಗೆ ಹೋದದ್ದನ್ನು ಹುಡುಕುವಷ್ಟು ಶ್ರದ್ಧೆಯಿಂದ ಕಡಿಮೆ ಬಿದ್ದದ್ದನ್ನು ನಾವು ಹುಡುಕುತ್ತೇವೆಯೇ? ಕಡಿಮೆ ಬಿದ್ದ ಪಗಾರಕ್ಕೆ ಕೂಲಿಯವರು ಮೂರು ವರ್ಷದೊಳಗೆ ಅರ್ಜಿ ಹಾಕಬಹುದೆಂದು ಸಂಹಿತೆಯಲ್ಲಿದೆ. ಅವರು ಅರ್ಜಿ ಹಾಕುವವರೆಗೆ ಕಾಯುವ ಬದಲು, ತಿಂಗಳ ಕೊನೆಗೆ ಹಾಜರಿ ಮತ್ತು ಬಟವಾಡೆಯನ್ನು ತಾಳೆ ನೋಡುವಾಗ ಹಾಳೆಯಲ್ಲಿ ಎರಡು ಅಂಕಣ ಗೀಚಿಕೊಳ್ಳಿರಿ. ಒಂದು ಹೆಚ್ಚು ಹೋದದ್ದಕ್ಕೆ, ಇನ್ನೊಂದು ಕಡಿಮೆ ಬಿದ್ದದ್ದಕ್ಕೆ. ಕಡಿಮೆ ಬಿದ್ದದ್ದನ್ನು ಮೊದಲು ಕೊಟ್ಟು, ಆಮೇಲೆ ಇನ್ನೊಂದು ಅಂಕಣದ ಮಾತು ತೆಗೆಯಿರಿ.